ಬಡಾವಣೆ ಹೆಸರು ಎಲ್ಲಿ ಹೋಯ್ತು?

ಪ್ರಶ್ನೆ: ಸರ್, ರಾಯಚೂರಿನಲ್ಲಿ ಮನೆಮನೆಗೆ ನೀರಿನ ಕ್ಯಾನ್ ಹಾಕುವವರಿಗೆ ಒಂದು ಚಿಕ್ಕ ಆ್ಯಪ್ ಮಾಡಿಕೊಟ್ಟಿದ್ದೇನೆ. ಗಿರಾಕಿ ಮನೆಯಲ್ಲಿ ಕೂತು ಬಟನ್ ಒತ್ತಿದರೆ ಫೋನ್ ಕಂಪನಿಯ ಮ್ಯಾಪ್ ಎಪಿಐ (ನಮ್ಮ ಆ್ಯಪ್ ಅವರ ಮ್ಯಾಪ್‌ನಿಂದ ಮಾಹಿತಿ ಕೇಳಿ ಪಡೆಯುವ ದಾರಿ) ವಿಳಾಸ ಕೊಡುತ್ತಿತ್ತು. ರಸ್ತೆ, ಬಡಾವಣೆ, ಊರು, ಜಿಲ್ಲೆ, ಪಿನ್‌ಕೋಡ್, ಎಲ್ಲಾ ಬೇರೆ ಬೇರೆ. ಬಡಾವಣೆ ನೋಡಿ ಯಾವ ಆಟೋಗೆ ಯಾವ ಮನೆ ಅಂತ ಹಂಚುತ್ತಿದ್ದೆವು. ಈಗ ಹೊಸ ಎಪಿಐಗೆ ಬನ್ನಿ ಅಂತಿದ್ದಾರೆ. ಅದರಲ್ಲಿ ಪೂರ್ತಿ ವಿಳಾಸ ಒಂದು ಸಾಲು, ಚಿಕ್ಕ ವಿಳಾಸ ಒಂದು ಸಾಲು, ಬಿಟ್ಟರೆ ಊರಿನ ಹೆಸರು. ಕಾಮಾ ಇದ್ದಲ್ಲಿ ಕತ್ತರಿಸಿ ನೋಡಿದೆ. ಬಡಾವಣೆ ಕಾಲಂನಲ್ಲಿ ಒಮ್ಮೆ ‘ಕರ್ನಾಟಕ 584101’ ಬಂತು, ಇನ್ನೊಮ್ಮೆ ಮನೆ ನಂಬರ್ ಬಂತು. ಹೊಸದು ಅಂದ್ರೆ ಜಾಸ್ತಿ ಕೊಡಬೇಕಲ್ವಾ?
– ಓದುಗರು, ರಾಯಚೂರು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಕಂಪನಿಯವರ ಯೋಚನೆಯೂ ಪೂರ್ತಿ ತಪ್ಪಲ್ಲ ಬಿಡಿ. ವಿಳಾಸ ಬರೆಯುವ ಕ್ರಮ ದೇಶಕ್ಕೊಂದು ಥರ, ಜಪಾನಿನಲ್ಲಿ ದೊಡ್ಡ ಊರಿನಿಂದ ಶುರುವಾಗಿ ಮನೆಗೆ ಬರುತ್ತಾರೆ, ನಾವು ಉಲ್ಟಾ. ಅದಕ್ಕೇ ಜೋಡಿಸಿದ ಸಾಲನ್ನೇ ಕೊಡ್ತೀವಿ, ಸುಮ್ನೆ ತೋರಿಸಿ ಅಂತಾರೆ. ಆದರೆ ನಿಮಗೆ ತೋರಿಸೋದಲ್ಲ, ಹಂಚೋದು ಮುಖ್ಯ.

ಕಾಮಾ ಕತ್ತರಿಸೋದು ಮಾತ್ರ ಇವತ್ತೇ ಬಿಡಿ. ಮಂಡಕ್ಕಿ ಒಗ್ಗರಣೆ ಕಲಸಿದ ಮೇಲೆ ಸಾಸಿವೆ ಆರಿಸಿದ ಹಾಗೆ ಅದು. ಆ ಸಾಲಿನಿಂದ ನಂಬಿ ತೆಗೆಯಬಹುದಾದದ್ದು 6 ಅಂಕಿಯ ಪಿನ್‌ಕೋಡ್ ಒಂದೇ. ಅದೂ ನಿಮಗೆ ಸಾಲದು, ಒಂದು ಪಿನ್‌ಕೋಡ್ ಒಳಗೆ ಎಷ್ಟೋ ಬಡಾವಣೆ ಇರುತ್ತವೆ.

ನನ್ನ ಕೇಳಿದರೆ ಬಡಾವಣೆ ಹೆಸರನ್ನು ಯಾವ ಕಂಪನಿಯ ಹತ್ತಿರವೂ ಕೇಳಬೇಡಿ. ನೀರು ಹಾಕುವುದು ಒಂದೇ ಊರಿಗೆ ತಾನೇ? ಆಟೋ ಹುಡುಗರನ್ನು ಒಂದು ಸಂಜೆ ಕೂರಿಸಿಕೊಳ್ಳಿ, ಅವರು ಬೆರಳಿಟ್ಟು ತೋರಿಸಿದ ಹಾಗೆ ಮ್ಯಾಪ್ ಮೇಲೆ ಒಂದೊಂದು ಏರಿಯಾಗೂ ಗೆರೆ ಎಳೆದು ಜಿಯೋಜೇಸನ್ ಫೈಲ್ (ಮ್ಯಾಪ್ ಗೆರೆಗಳನ್ನು ಬರೆದಿಡುವ ಫೈಲ್) ಮಾಡಿ. ಗಿರಾಕಿಯ ಅಕ್ಷಾಂಶ ರೇಖಾಂಶ ಯಾವ ಗೆರೆಯೊಳಗೆ ಬೀಳುತ್ತದೆ ಅಂತ ನೋಡುವುದು ಹತ್ತಿಪ್ಪತ್ತು ಸಾಲಿನ ಕೋಡ್. ‘ತೀನ್ ಕಂದೀಲ್ ಹಿಂದೆ’ ಅಂತ ಗಿರಾಕಿಯೇ ಗುರುತು ಬರೆಯಲು ಒಂದು ಖಾಲಿ ಜಾಗವನ್ನೂ ಇಡಿ. ಆಟೋದವನಿಗೆ ಕೊನೆಗೆ ಬೇಕಾಗುವುದು ಅದೇ. ಅಕ್ಷಾಂಶ ರೇಖಾಂಶದಲ್ಲಿ ದಶಮಾಂಶದ ನಂತರ 5 ಅಂಕಿ ಉಳಿಸಿಕೊಳ್ಳಿ, ಅದು ಸುಮಾರು 1 ಮೀಟರ್ ಲೆಕ್ಕ. 2ಕ್ಕೇ ನಿಲ್ಲಿಸಿದರೆ 1 ಕಿಲೋಮೀಟರ್! ಗಿರಾಕಿ ಫೋನಿನಲ್ಲಿ ‘ಅಂದಾಜು ಲೊಕೇಶನ್’ ಅಂತ ಒತ್ತಿದ್ದರೆ ಮಾತ್ರ ಯಾವ ಎಪಿಐ ಬಂದರೂ ಮನೆ ಸರಿಯಾಗಿ ಸಿಗುವುದಿಲ್ಲ.

ರಸ್ತೆ ಹೆಸರು ಬೇಕೇ ಬೇಕು ಅಂದರೆ ಜನರೇ ಸೇರಿ ಮಾಡಿದ ಉಚಿತ ಮ್ಯಾಪ್ ಓಪನ್‌ಸ್ಟ್ರೀಟ್‌ಮ್ಯಾಪ್‌ನ ವಿಳಾಸ ಹುಡುಕುವ ಸೇವೆ ನಾಮಿನೇಟಿಮ್ ಈಗಲೂ ಬಿಡಿಬಿಡಿಯಾಗಿ ಕೊಡುತ್ತದೆ. ಅವರ ಉಚಿತ ಸರ್ವರ್‌ಗೆ ಸೆಕೆಂಡಿಗೆ 1 ಪ್ರಶ್ನೆಗಿಂತ ಜಾಸ್ತಿ ಕಳಿಸುವ ಹಾಗಿಲ್ಲ. ನಿಮ್ಮ ಓಣಿ ಹೆಸರು ಅದರಲ್ಲಿ ಇಲ್ಲದಿದ್ದರೆ ನೀವೇ ಸೇರಿಸಬಹುದು. ಹಳೆ ಎಪಿಐಗೆ ‘ಡೆಪ್ರಿಕೇಟೆಡ್’ (ಇನ್ನು ಬಳಸಬೇಡಿ) ಅಂತ ಪಟ್ಟಿ ಹಚ್ಚಿದ ಮಾತ್ರಕ್ಕೆ ನಾಳೆಯೇ ನಿಲ್ಲುವುದಿಲ್ಲ, ಗಾಬರಿ ಬೇಡ. ಕಂಪನಿಗೆ ದೂರನ್ನೂ ಕಳಿಸಿ.

ಪ್ರಶ್ನೆ: ಇಂಥದ್ದಕ್ಕೆ ಅಂಚೆ ಇಲಾಖೆಯ ಡಿಜಿಪಿನ್ ಬಳಸಬಹುದಾ?
– ಓದುಗರು, ಗಂಗಾವತಿ

ಉತ್ತರ: ಬಳಸಿ. 2025ರಲ್ಲಿ ಬಂದದ್ದು, ನಕ್ಷೆಯನ್ನು ಚೌಕ ಚೌಕ ಮಾಡಿ ಚೌಕಕ್ಕೊಂದು 10 ಅಕ್ಷರದ ಕೋಡ್, ಒಂದೊಂದು ಚೌಕ ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲ. ಇಂಟರ್ನೆಟ್ ಇಲ್ಲದೆಯೂ ಲೆಕ್ಕ ಹಾಕಬಹುದು. ಆದರೆ ಅದು ಅಕ್ಷಾಂಶ ರೇಖಾಂಶಕ್ಕೆ ತೊಡಿಸಿದ ಇನ್ನೊಂದು ಅಂಗಿ ಅಷ್ಟೇ, ಓಣಿ ಹೆಸರು ಹೇಳುವುದಿಲ್ಲ.