ಹರಿಯುವ ನಾಯಿಗೂಡು

ಶಿವಮೊಗ್ಗದ ಓದುಗರೊಬ್ಬರ ಪತ್ರ: ಜೊನಾಥನ್ ಸ್ವಿಫ್ಟ್ 1710ರಲ್ಲಿ ಲಂಡನ್ನಿನ ಮಳೆಯ ಮೇಲೆ ಬರೆದ ಕವಿತೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ನಾಲ್ಕೂ ಕಡೆಯಿಂದ 'ಕೆನೆಲ್'ಗಳು ಉಬ್ಬಿ ಹರಿಯುತ್ತವೆ. ನಿಘಂಟಿನಲ್ಲಿ ನಾಯಿಗೂಡು ಎಂದಿದೆ. ಕೊನೆಗೆ ಸತ್ತ ನಾಯಿಮರಿಗಳೂ ತೇಲಿಬರುವುದರಿಂದ 'ಮಳೆಗೆ ನಾಯಿಗೂಡುಗಳೇ ಕೊಚ್ಚಿಹೋದವು' ಎಂದು ಬರೆದಿದ್ದೇನೆ. ಸರಿಯೇ?

ಸಂಪಾದಕರ ಉತ್ತರ: ಸರಿಯಲ್ಲ. ಆದರೆ ಇಷ್ಟು ಚೆಂದದ ತಪ್ಪನ್ನು ಓದಿ ಬಹಳ ದಿನವಾಗಿತ್ತು!

ಇಂಗ್ಲಿಷಿನಲ್ಲಿ ಎರಡು ಕೆನೆಲ್‌ಗಳಿವೆ. ನಾಯಿಯದು ಲ್ಯಾಟಿನ್ನಿನ 'ಕಾನಿಸ್' ಕಡೆಯದು, ಅಂದರೆ ನಾಯಿ. ನಿಮ್ಮ ಕವಿತೆಯದು 'ಕನಾಲಿಸ್' ಕಡೆಯದು, ಅಂದರೆ ಕಾಲುವೆ. ಕೆನಾಲ್, ಚಾನೆಲ್ ಅದರ ಒಡಹುಟ್ಟುಗಳು. ಬಂಡೆಯ ಅರೆ, ಅರ್ಧದ ಅರೆ, ಚಟ್ನಿ ಅರೆಯುವ ಅರೆ ನಮ್ಮಲ್ಲಿಲ್ಲವೇ, ಹಾಗೆ.

ಹಳೆಯ ಬೀದಿಗಳಲ್ಲಿ ಈ ಕೆನೆಲ್, ಅಂದರೆ ತೆರೆದ ಚರಂಡಿ, ಹಲವು ಕಡೆ ನಡುಬೀದಿಯಲ್ಲೇ ಇರುತ್ತಿತ್ತು. ಎರಡೂ ಬದಿಯಿಂದ ನೆಲ ಅದರತ್ತ ಇಳಿಜಾರು. ಮನೆಯ ಕೊಳೆನೀರು, ಕುದುರೆ ಲದ್ದಿ, ಕಟುಕರಂಗಡಿಯ ಕಸ ಎಲ್ಲವೂ ಅಲ್ಲಿಗೇ. ಎದುರುಬದುರಾದ ಇಬ್ಬರಲ್ಲಿ ಗೋಡೆಯ ಪಕ್ಕ ಯಾರು ನಡೆಯಬೇಕು, ಕೆಸರಿನ ಕಡೆಗೆ ಯಾರು ಸರಿಯಬೇಕು ಎಂಬುದಕ್ಕೆ ಜಗಳವೇ ಆಗುತ್ತಿತ್ತು. ಚರಂಡಿಗಳು ನೆಲದಡಿಗೆ ಹೋದವು, ಮಾತೂ ಅವುಗಳ ಜೊತೆ ಹೋಯಿತು.

ತೆರೆದ ನೀರು ಈಗಲೂ ಕಾಣುವುದು ಕೇಂಬ್ರಿಡ್ಜಿನಲ್ಲಿ. ಟ್ರಂಪಿಂಗ್ಟನ್ ಬೀದಿಯ ಎರಡೂ ಅಂಚಿನಲ್ಲಿ ಹಾಬ್ಸನ್ ಕಾಲುವೆಯ ನೀರು ಹರಿಯಲು 'ರನಲ್'ಗಳಿವೆ. ಪೆಂಬ್ರೋಕ್ ಕಾಲೇಜಿನ ಬದಿಯದಕ್ಕೆ 'ಪೆಮ್', ಪೀಟರ್‌ಹೌಸ್ ಬದಿಯದಕ್ಕೆ 'ಪಾಟ್' ಎಂದು ಮುದ್ದಿನ ಹೆಸರು. ಚರಂಡಿಗೆ ಮುದ್ದಿನ ಹೆಸರು ಇಡಲು ಅದು ಶುಭ್ರವಾಗಿರಬೇಕು, ಅಷ್ಟೇ.

ಕಾಲುವೆ, ತೋಡುಗಳಿಗೆ ಇಂಗ್ಲಿಷಿನಲ್ಲಿ ಇನ್ನೂ ಮಾತುಗಳಿವೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಸೂರಿನ ನೀರು ಹಿಡಿಯುವ ದೋಣಿಗೆ 'ಲಾಂಡರ್' ಎನ್ನುತ್ತಾರೆ. ಗಣಿಗಳಲ್ಲಿ ಅದಿರು ತೊಳೆಯುವ ನೀರು ಸಾಗುತ್ತಿದ್ದ ಮರದ ತೊಟ್ಟಿಯೂ ಲಾಂಡರೇ. ಲಾಂಡ್ರಿಗೂ ಅದಕ್ಕೂ ನೆಂಟಸ್ತಿಕೆಯುಂಟು. ನಿಮ್ಮ ಕಡೆಯ ಅಡಿಕೆ ದಂಬೆಯನ್ನು ನೆನೆಸಿಕೊಳ್ಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಕ್ರೋಜ್'. ಪೀಪಾಯಿ ಮಾಡುವವನು ಹಲಗೆಗಳನ್ನು ಬಳೆ ಹಾಕಿ ನಿಲ್ಲಿಸಿದ ಮೇಲೆ, ಅಂಚಿನಿಂದ ಸ್ವಲ್ಪ ಕೆಳಗೆ, ಒಳಮೈಯಲ್ಲಿ ಸುತ್ತಲೂ ಒಂದು ಸಣ್ಣ ತೋಡು ಕೊರೆಯುತ್ತಾನೆ. ಮುಚ್ಚಳದ ತೆಳು ಅಂಚು ಅದರಲ್ಲಿ ಕೂತರೆ ಮೊಳೆ ಬೇಡ, ಅಂಟು ಬೇಡ. ಆ ತೋಡೂ ಕ್ರೋಜ್, ಕೊರೆಯುವ ಹತ್ಯಾರೂ ಕ್ರೋಜ್. ಪೀಪಾಯಿ ಇರುವವರೆಗೆ ಈ ಮಾತಿಗೆ ಸಾವಿಲ್ಲ. ಕೆನೆಲ್‌ಗೆ ಆ ಅದೃಷ್ಟವಿರಲಿಲ್ಲ.

ಇನ್ನು ನಿಮ್ಮ ಸಾಲು. 'ನಾಲ್ಕೂ ದಿಕ್ಕಿನ ಚರಂಡಿ ಉಕ್ಕಿ ಬಂದವು' ಎಂದರೆ ಸಾಕು. 'ಮೋರಿ' ಎಂದರೆ ಇನ್ನೂ ಗಬ್ಬು ಹೊಡೆಯುತ್ತದೆ, ಸ್ವಿಫ್ಟನಿಗೆ ಅದೇ ಬೇಕಿತ್ತು. ನಾಯಿಮರಿಗಳು ಇರಲಿ. ಅವು ಮೂಲದಲ್ಲೇ ಇವೆ, ಸತ್ತ ಬೆಕ್ಕಿನ ಜೊತೆಗೆ.