ಮಾರಿಯೋ ಕಾರ್ಟ್ ಒಂದೇ, ಕನ್ಸೋಲ್ ಎರಡು

ನಮಸ್ಕಾರ.

‘ಗೇಮ್ ಇದ್ದರೆ ಕನ್ಸೋಲ್’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಪಕ್ಕಕ್ಕೆಸೆಯುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ಸಣ್ಣ ತಕರಾರು ಮೊದಲು. ‘ಇಂದಿನ ತಂತ್ರಜ್ಞಾನ ಯುಗದಲ್ಲಿ’ ಎಂದು ತೊಡಗುವ ಮೊದಲ ಪ್ಯಾರಾ ಪೂರ್ತಿ ತೆಗೆಯಿರಿ. ‘ಅದ್ಭುತ’ ಎಂಬ ಮಾತು ಹನ್ನೊಂದು ಸಲ ಬಂದಿದೆ. ಎಣಿಸಿದ್ದೇನೆ.

ಇನ್ನು ವಾದ. ಒಂದೇ ಕನ್ಸೋಲ್‌ನಲ್ಲಿ (ಗೇಮ್ ಆಡಲೆಂದೇ ಇರುವ ಯಂತ್ರದಲ್ಲಿ) ಸಿಗುವ ಎಕ್ಸ್‌ಕ್ಲೂಸಿವ್ ಗೇಮ್‌ಗಳೇ ಆ ಕನ್ಸೋಲನ್ನು ಮಾರುತ್ತವೆ ಎನ್ನುತ್ತೀರಿ. ಸಾಕ್ಷಿಗೆ ಕರೆದದ್ದು ಸೋನಿಯ ಪ್ಲೇಸ್ಟೇಷನ್‌ನ ಫೈನಲ್ ಫ್ಯಾಂಟಸಿ 7 (1997), ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಜೊತೆಗೇ ಬಂದ ಹ್ಯಾಲೋ (2001), ನಿಂಟೆಂಡೋದ ಸ್ವಿಚ್‌ನ ಮಾರಿಯೋ ಕಾರ್ಟ್ 8 ಡಿಲಕ್ಸ್. ಮೂರೂ ಗೆದ್ದ ಕುದುರೆಗಳು. ಒಳ್ಳೊಳ್ಳೆಯ ಗೇಮ್‌ಗಳಿದ್ದೂ 2001ರಲ್ಲಿ ಬಾಗಿಲು ಹಾಕಿದ ಸೆಗಾದ ಡ್ರೀಮ್‌ಕಾಸ್ಟ್ ನಿಮ್ಮ ಲೇಖನದಲ್ಲಿ ಸುಳಿಯುವುದೇ ಇಲ್ಲ.

ಮೂರನೆಯ ಸಾಕ್ಷಿಯಂತೂ ನಿಮಗೇ ತಿರುಗಿಬೀಳುತ್ತದೆ. ಮಾರಿಯೋ ಕಾರ್ಟ್ 8 ಹುಟ್ಟಿದ್ದು ಸ್ವಿಚ್‌ನಲ್ಲಲ್ಲ; 2014ರಲ್ಲಿ, ನಿಂಟೆಂಡೋದ ಹಿಂದಿನ ಕನ್ಸೋಲ್ ವೀ ಯುನಲ್ಲಿ. ಅಲ್ಲಿ ಸುಮಾರು 84 ಲಕ್ಷ ಪ್ರತಿ ಹೋಯಿತು. ವೀ ಯು ತನ್ನ ಆಯುಷ್ಯದಲ್ಲಿ ಮಾರಾಟವಾದದ್ದೇ ಸುಮಾರು 1.35 ಕೋಟಿ. ಅಂದರೆ ಕನ್ಸೋಲ್ ಇದ್ದವರಲ್ಲಿ ಹತ್ತಕ್ಕೆ ಆರು ಮಂದಿಯ ಲೆಕ್ಕ. ಗೇಮ್ ಇಷ್ಟು ಗೆದ್ದರೂ ಕನ್ಸೋಲ್ ಮೇಲೇಳಲಿಲ್ಲ. ಅದು ಹೊಸ ಕನ್ಸೋಲೋ, ಅದಕ್ಕೂ ಹಿಂದಿನ ಕನ್ಸೋಲ್ ವೀಗೆ ಜೋಡಿಸುವ ಬಿಡಿಭಾಗವೋ ಎಂಬುದೇ ಬಹಳ ಜನಕ್ಕೆ ತಿಳಿಯಲಿಲ್ಲ. ಮೂರು ವರ್ಷ ಬಿಟ್ಟು ಅದೇ ಗೇಮ್, ಅಷ್ಟಿಷ್ಟು ಸೇರಿಸಿಕೊಂಡು, ಟಿವಿಗೂ ಸೈ ಕೈಗೂ ಸೈ ಎನ್ನುವ ಸ್ವಿಚ್‌ಗೆ ಬಂತು. 6 ಕೋಟಿ ದಾಟಿತು. ಇಲ್ಲಿ ಯಾರು ಯಾರನ್ನು ಹೊತ್ತರು? ಈ ಪ್ರಶ್ನೆಯನ್ನು ನೀವು ಕೇಳಿಕೊಂಡಿದ್ದರೆ ಲೇಖನ ಬೇರೆಯೇ ಆಗುತ್ತಿತ್ತು.

ನಿಮ್ಮ ಪರವಾಗಿ ನಾನೇ ಒಂದು ಸಾಕ್ಷಿ ಕೊಡುತ್ತೇನೆ. 2017ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಮಾರಾಟವಾದ ಸ್ವಿಚ್‌ಗಳು ಸುಮಾರು 9.06 ಲಕ್ಷ, ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್ ಗೇಮ್‌ನ ಸ್ವಿಚ್ ಆವೃತ್ತಿಯ ಪ್ರತಿಗಳು ಸುಮಾರು 9.25 ಲಕ್ಷ. ಕನ್ಸೋಲಿಗಿಂತ ಗೇಮೇ ಹೆಚ್ಚು! ಇದನ್ನು ಬಳಸಿಕೊಳ್ಳಿ. ಜೊತೆಗೆ, ಅದೇ ಗೇಮ್ ಅದೇ ದಿನ ವೀ ಯುಗೂ ಬಂದಿತ್ತು ಎಂಬುದನ್ನು ಮುಚ್ಚಿಡಬೇಡಿ. ಆಗ ‘ಎಕ್ಸ್‌ಕ್ಲೂಸಿವ್’ ಎಂದರೆ ಏನೆಂದು ನೀವೇ ಬಿಡಿಸಿ ಹೇಳಬೇಕಾಗುತ್ತದೆ.

ಬೆಲೆಗೆ ನೀವು ಒಂದೇ ವಾಕ್ಯ ಕೊಟ್ಟಿದ್ದೀರಿ. 2013ರಲ್ಲಿ ಪ್ಲೇಸ್ಟೇಷನ್ 4ರ ಬೆಲೆ 399 ಡಾಲರ್, ಎಕ್ಸ್‌ಬಾಕ್ಸ್ ಒನ್ 499. ಆ ನೂರು ಡಾಲರ್ ಯಾವ ಗೇಮ್‌ಗಿಂತ ಕಡಿಮೆ ಮಾತಾಡಿತು? ಗೆಳೆಯರು ಯಾವುದರಲ್ಲಿ ಆಡುತ್ತಾರೆ, ಈಗಾಗಲೇ ಕೊಂಡ ಡಿಜಿಟಲ್ ಗೇಮ್‌ಗಳು ಯಾವ ಖಾತೆಯಲ್ಲಿವೆ ಎಂಬುದರ ಸುದ್ದಿಯೇ ಇಲ್ಲ.

ಕಂಪನಿಗಳೇ ಒಮ್ಮತದಲ್ಲಿಲ್ಲ, ನೋಡಿ. ಸೋನಿ 2020ರಲ್ಲಿ ಹೊರೈಜನ್ ಜೀರೋ ಡಾನ್ ಅನ್ನು ಪಿಸಿಗೆ ಕೊಟ್ಟಿತು. ಮೈಕ್ರೋಸಾಫ್ಟ್ 2024ರಲ್ಲಿ ಸೀ ಆಫ್ ಥೀವ್ಸ್ ಸೇರಿ ನಾಲ್ಕು ಗೇಮ್‌ಗಳನ್ನು ಎದುರಾಳಿ ಕನ್ಸೋಲ್‌ಗಳಿಗೇ ಬಿಟ್ಟಿತು. ನಿಂಟೆಂಡೋ ಮಾತ್ರ ಮಾರಿಯೋ ಕಾರ್ಟನ್ನು ಮನೆಯ ಹೊರಗಿನ ಕನ್ಸೋಲಿಗೆ ಕಳಿಸುತ್ತಿಲ್ಲ. ಒಂದೇ ವ್ಯಾಪಾರದಲ್ಲಿ ಲೆಕ್ಕಾಚಾರ ಹೀಗೆ ಬೇರೆಯಾಗಿದ್ದು ಏಕೆ? ಬರೆಯಲು ಅಲ್ಲಿ ಬೇಕಾದಷ್ಟಿದೆ.

ಕೊನೆಯ ಪ್ಯಾರಾದಲ್ಲಿ, ಬಹುಶಃ ಹೊಳೆಯದೆಯೇ, ಲೇಖನದ ಅತಿ ಒಳ್ಳೆಯ ಮಾತು ಬರೆದಿದ್ದೀರಿ: ಒಂದೇ ಗೇಮ್‌ಗಾಗಿ ಕನ್ಸೋಲ್ ಕೊಂಡಿರಿ, ಎರಡು ವಾರದಲ್ಲಿ ಅದು ಮುಗಿಯಿತು, ಆಮೇಲೆ ವರ್ಷವಿಡೀ ಗೆಳೆಯರ ಜೊತೆ ಎಲ್ಲ ಕನ್ಸೋಲ್‌ನಲ್ಲೂ ಸಿಗುವ ಫುಟ್‌ಬಾಲ್ ಗೇಮನ್ನೇ ಆಡಿದಿರಿ. ಅದನ್ನು ಮೇಲಕ್ಕೆ ತನ್ನಿ. ಅಲ್ಲಿಂದಲೇ ಶುರುಮಾಡಿ, ನಿಮ್ಮ ವಾದವನ್ನು ನಿಮ್ಮದೇ ಅನುಭವದ ಎದುರು ನಿಲ್ಲಿಸಿ ಬರೆದು ಕಳಿಸಿ.

ಹ್ಯಾಲೋ ಬಗೆಗಿನ ಪ್ಯಾರಾ ಮುಟ್ಟಬೇಡಿ. ಚೆನ್ನಾಗಿದೆ.