ಮಳೆಗಾಲದ ನಂತರ ಮರದ ಪ್ರೊಪೆಲ್ಲರ್ ನಡುಗಿದರೆ

ನಿಮ್ಮ ಪುಟ್ಟ ವಿಮಾನದ ಮರದ ಪ್ರೊಪೆಲ್ಲರ್ ಮೂಡಿಗೆರೆಯ ಮಳೆಗಾಲವಿಡೀ ಒಂದು ಅಲಗು ಮೇಲೆ, ಒಂದು ಕೆಳಗೆ ಇರುವಂತೆ ನೆಟ್ಟಗೆ ನಿಂತಿತ್ತು, ಈಗ ವೇಗ ಏರಿದಂತೆ ನಡುಕ ಎಂದಿದ್ದೀರಲ್ಲ. ಕೆಳಗಿದ್ದ ಅಲಗು ತೇವ ಹೀರಿ ಭಾರವಾಗಿರುವ ಸಾಧ್ಯತೆಯೇ ಹೆಚ್ಚು. ನೋಡದೆ ಖಚಿತವಾಗಿ ಹೇಳಲಾಗದು. ಆದ್ದರಿಂದ ಮೊದಲು ಅಲಗುಗಳ ಸಾಲು, ಅಂದರೆ ಎರಡೂ ತುದಿಗಳು ಒಂದೇ ಗೆರೆಯಲ್ಲಿ ಸುತ್ತುತ್ತವೆಯೇ ಎಂದು ಪರೀಕ್ಷಿಸಿ.

ಎಂಜಿನ್‌ಗೆ ಕಿಡಿ ಒದಗಿಸುವ ಮ್ಯಾಗ್ನೆಟೋ ಬಂದ್ ಮಾಡಿ, ಸ್ಪಾರ್ಕ್ ಪ್ಲಗ್ ಕಳಚಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಒಂದು ತುದಿಯ ಪಕ್ಕ ಸ್ಟೂಲ್ ಇಟ್ಟು ಗುರುತು ಮಾಡಿ, ಇನ್ನೊಂದು ತುದಿಯನ್ನು ಅಲ್ಲಿಗೆ ತಿರುಗಿಸಿ. ವ್ಯತ್ಯಾಸ 3 ಮಿ.ಮೀ. ಮೀರಿದರೆ ಮೊದಲ ಅನುಮಾನ ಪ್ರೊಪೆಲ್ಲರ್ ಹಿಡಿದಿರುವ ಬೋಲ್ಟುಗಳ ಮೇಲೆ: ಮರ ಉಬ್ಬಿ ಕುಗ್ಗಿದಾಗ ಬಿಗಿ ಏರುಪೇರಾಗುತ್ತದೆ. ತಯಾರಕರು ಕೊಟ್ಟ ಅಳತೆಗೆ, ಬಿಗಿ ಅಳೆಯುವ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಕೈ ಅಂದಾಜು ಬೇಡವೇ ಬೇಡ.

ಸಾಲು ಸರಿಯಿದ್ದರೆ ಪ್ರೊಪೆಲ್ಲರ್ ಬಿಚ್ಚಿ, ಒಣ ಕೋಣೆಯಲ್ಲಿ ಕೆಲವು ದಿನ ಅಡ್ಡಲಾಗಿ ಮಲಗಿಸಿಡಿ. ಕಾಫಿ ಕಣದ ಬಿಸಿಲಿಗೆ ಹಾಕಿದರೆ ಬಿರುಕು ಬಿಟ್ಟೀತು. ಆಮೇಲೆ ನಡುರಂಧ್ರಕ್ಕೆ ಸರಿಹೊಂದುವ ನೇರ ಸರಳು ತೂರಿಸಿ, ಮಟ್ಟ ಹಿಡಿದ ಎರಡು ಅಂಚುಗಳ ಮೇಲೆ ಇಡಿ. ಬಾಗಿಲು ಮುಚ್ಚಿ, ಗಾಳಿ ಸುಳಿಯಬಾರದು. ಮೇಲೇಳುವ ಅಲಗಿನ ತುದಿಗೆ ಟೇಪ್ ಅಂಟಿಸುತ್ತಾ ಹೋಗಿ; ಎರಡೂ ಅಲಗು ಸಮನಾಗಿ ನಿಂತಾಗ ಟೇಪ್ ತೆಗೆದು ಅಷ್ಟೇ ಭಾರಕ್ಕೆ ವಾರ್ನಿಷ್ ಬಳಿಯಿರಿ. ಒಣಗಿದ ವಾರ್ನಿಷ್ ಹಗುರವಾಗುವುದರಿಂದ ಮತ್ತೆ ಅಂಚುಗಳ ಮೇಲಿಟ್ಟು ನೋಡಿ.

ಟೇಪ್ ಸುತ್ತು ಸುತ್ತಾಗಿ ಬೇಕಾದರೆ ಅಥವಾ ಮರದ ಪದರಗಳ ನಡುವಿನ ಅಂಟಿನ ಗೆರೆ ಬಿಟ್ಟಿದ್ದರೆ ಹಾರಿಸಬೇಡಿ, ತಯಾರಕರಿಗೆ ಕಳುಹಿಸಿ. ಸಮತೋಲವಾದ ಮೇಲೂ ನಡುಗಿದರೆ ಎಂಜಿನ್ ಕೂರಿಸಿದ ಚೌಕಟ್ಟಿನ (ಮೌಂಟ್) ರಬ್ಬರ್ ನೋಡಿ. ಇನ್ನು ಮುಂದೆ ನಿಲ್ಲಿಸುವಾಗ ಅಲಗುಗಳು ಅಡ್ಡಲಾಗಿರಲಿ.